ಕಿಡಿ ಹಾರದ ಹಳೆಯ ಜಾವಾ: ಅಳೆಯದೆ ಬದಲಿಸುವ ಬಿಡಿಭಾಗಗಳ ಲೆಕ್ಕ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತು. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1960ರ ದಶಕದ ಆರಂಭದಲ್ಲಿ ಉತ್ಪಾದನೆ ತೊಡಗಿದ ಈ ಕಾರ್ಖಾನೆಯಿಂದ, ಮೊದಲು ಜಾವಾ ಹೆಸರಿನಲ್ಲಿಯೂ 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿಯೂ ಹೊರಬಂದ 250 ಸಿ.ಸಿ. ಟೂ ಸ್ಟ್ರೋಕ್ ಮೋಟಾರು ಸೈಕಲುಗಳು ಇಂದಿಗೂ ರಸ್ತೆಯ ಮೇಲಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮಾರುಕಟ್ಟೆಗೆ ಮರಳಿ ಬಂದುದು ನಿಜವಾದರೂ, ಹೊಸ ವಾಹನಗಳದು ಫೋರ್ ಸ್ಟ್ರೋಕ್ ಇಂಜಿನು. ಅವುಗಳ ಬಿಡಿಭಾಗಗಳು ಹಳೆಯ ವಾಹನಕ್ಕೆ ಒದಗುವುದಿಲ್ಲ. ಆದಕಾರಣ ಹಳೆಯ ಜಾವಾದ ನಿರ್ವಹಣೆಯು ಸಣ್ಣ ಗ್ಯಾರೇಜುಗಳನ್ನೂ ಬಿಡಿಭಾಗಗಳ ಸಣ್ಣ ವರ್ತಕರನ್ನೂ ಅವಲಂಬಿಸಿ ನಡೆದಿದೆ.

ಈ ವಾಹನಗಳ ಮಾಲೀಕರು ಹೇಳುವ ದೂರುಗಳಲ್ಲಿ ಬಹುಮಟ್ಟಿಗೆ ಮೊದಲನೆಯದು 'ಸ್ಟಾರ್ಟ್ ಆಗುವುದಿಲ್ಲ' ಎಂಬುದು. ಚಿಕಿತ್ಸೆಯ ಕ್ರಮವೂ ಎಲ್ಲರಿಗೂ ಪರಿಚಿತವೇ. ಮೊದಲು ಹೊಸ ಪ್ಲಗ್. ಅದರಿಂದ ಆಗದಿದ್ದರೆ ಕಂಡೆನ್ಸರ್ ಮತ್ತು ಪಾಯಿಂಟ್. ಬಳಿಕ ಇಗ್ನಿಷನ್ ಕಾಯಿಲ್, ಕೊನೆಗೆ ಬ್ಯಾಟರಿ. ಹೊಸ ಬ್ಯಾಟರಿ ಹಾಕಿದ ದಿನ ವಾಹನವು ಒಂದೇ ಒದೆತಕ್ಕೆ ಚಾಲನೆಗೊಳ್ಳುತ್ತದೆ. ಹತ್ತು ದಿನಗಳ ನಂತರ ಅದೇ ಮಾಲೀಕನು ಅದೇ ವಾಹನವನ್ನು ತಳ್ಳಿಕೊಂಡು ಅದೇ ಗ್ಯಾರೇಜಿಗೆ ಮರಳುತ್ತಾನೆ. ಐದು ಬಿಡಿಭಾಗಗಳಿಗೆ ಹಣ ಸಂದಾಯವಾಗಿದೆ. ದೋಷ ಮಾತ್ರ ಇದ್ದಲ್ಲೇ ಇದೆ. ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಪುಸ್ತಕ ಮುಚ್ಚುವ ಗುಮಾಸ್ತನ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ದೋಷವು ವಿದ್ಯುತ್ತಿನದೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಏಳೆಂಟು ಬಾರಿ ಕಿಕ್ ಮಾಡಿ ಪ್ಲಗ್ಗನ್ನು ಬಿಚ್ಚಿದಾಗ ಅದರ ತುದಿ ಪೂರ್ಣವಾಗಿ ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ನೋಡಬೇಕಾದುದು ಪೆಟ್ರೋಲ್ ಕಾಕ್ ಮತ್ತು ಕಾರ್ಬುರೇಟರ್. ತುದಿ ಒದ್ದೆಯಾಗಿದ್ದರೆ ಇಂಧನವಿದೆ, ಅದನ್ನು ಹೊತ್ತಿಸುವ ಕಿಡಿ ಇಲ್ಲ ಅಥವಾ ದುರ್ಬಲವಾಗಿದೆ ಎಂದು ತಿಳಿಯಬಹುದು. ಇಂಧನದೊಡನೆ ಎಣ್ಣೆಯೂ ಉರಿಯುವ ಟೂ ಸ್ಟ್ರೋಕ್ ಇಂಜಿನುಗಳಲ್ಲಿ ಪ್ಲಗ್ ಎಣ್ಣೆಯಿಂದ ಕರಿಗಟ್ಟುವುದು ಸಹಜವಾದುದರಿಂದ ಅದನ್ನು ಶುಚಿಗೊಳಿಸಿ, ತುದಿಗಳ ಅಂತರವನ್ನು ಸುಮಾರು 0.6 ಮಿಲಿಮೀಟರಿಗೆ ಹೊಂದಿಸಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗವನ್ನು ಸಿಲಿಂಡರ್ ಹೆಡ್ಡಿಗೆ ಭದ್ರವಾಗಿ ತಾಗಿಸಿಟ್ಟು ಕಿಕ್ ಮಾಡಿ ನೋಡಬೇಕು. ಇದನ್ನು ಪ್ಲಗ್ಗಿನ ರಂಧ್ರದ ಬಾಯಿಯಲ್ಲೇ ಮಾಡಲಾಗದು. ಅಲ್ಲಿಂದ ಹೊರಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿ ತಗಲಿದರೆ ಅನಾಹುತವಾದೀತು. ನೀಲಿ ಬಣ್ಣದ ಗಟ್ಟಿ ಕಿಡಿ ಕಂಡರೆ ವಿದ್ಯುತ್ ವ್ಯವಸ್ಥೆಯನ್ನು ಅಲ್ಲಿಗೇ ಬಿಡಬಹುದು. ಕೆಂಪಗಿನ ಎಳೆಯಂತಹ ಕಿಡಿ ಬಂದರೆ ಅಥವಾ ಏನೂ ಕಾಣದಿದ್ದರೆ ಮುಂದಿನ ಪರೀಕ್ಷೆ ಅಗತ್ಯ.

ಇಲ್ಲಿಂದ ಮುಂದೆ ಬೇಕಾಗುವ ಉಪಕರಣವೆಂದರೆ ಕೆಲವೇ ನೂರು ರೂಪಾಯಿಗಳಿಗೆ ದೊರೆಯುವ ಮಲ್ಟಿಮೀಟರ್ ಒಂದೇ. ಹಳೆಯ ಜಾವಾದ್ದು 6 ವೋಲ್ಟಿನ ವ್ಯವಸ್ಥೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೀಲಿಯ ಸ್ವಿಚ್ಚನ್ನು ಹಾದು ಕಾಯಿಲಿಗೂ, ಅಲ್ಲಿಂದ ಪಾಯಿಂಟಿಗೂ ಬಂದು, ಇಂಜಿನು ಮತ್ತು ಚಾಸಿಯ ಮೂಲಕ ಬ್ಯಾಟರಿಯ ಅರ್ತ್ ತುದಿಗೆ ಮರಳುತ್ತದೆ. ಪಾಯಿಂಟ್ ತೆರೆದುಕೊಂಡ ಕ್ಷಣದಲ್ಲಿ ಕಾಯಿಲಿನ ಒಳಸುತ್ತಿನಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಈ ದಾರಿಯಲ್ಲಿ ಬರುವ ಪ್ರತಿಯೊಂದು ಜೋಡಣೆಯೂ ವಿದ್ಯುತ್ತು ಸೋರಿಹೋಗಬಹುದಾದ ಸ್ಥಳವೇ.

ಸೋರಿಕೆಯ ಪ್ರಮಾಣವನ್ನು ಅಂಕಿಗಳಲ್ಲಿ ನೋಡುವುದು ಒಳಿತು. ಕಾಯಿಲು ಸುಮಾರು 3 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ತುಕ್ಕು ಹಿಡಿದ ಜೋಡಣೆಗಳೆಲ್ಲ ಸೇರಿ 0.3 ಓಮ್‌ನಷ್ಟು ತಡೆಯೊಡ್ಡಿದರೆ ದಾರಿಯಲ್ಲೇ 0.9 ವೋಲ್ಟ್ ನಷ್ಟ. 6 ವೋಲ್ಟಿನ ಬಂಡವಾಳದಲ್ಲಿ ಇದು ಶೇಕಡ 15! ಅದೇ ಕೆಲಸವನ್ನು ಅರ್ಧ ಪ್ರವಾಹದಲ್ಲಿ ಮಾಡುವ 12 ವೋಲ್ಟಿನ ವಾಹನದಲ್ಲಾದರೆ ಅಷ್ಟೇ ತುಕ್ಕಿನಿಂದ ಆಗುವ ನಷ್ಟ ಶೇಕಡ 4 ಮುಟ್ಟುವುದಿಲ್ಲ. ಹೊಸ ವಾಹನಗಳಲ್ಲಿ ಪಳಗಿದ ಮೆಕ್ಯಾನಿಕ್ಕರು ಹಳೆಯ ಜಾವಾದ ಮುಂದೆ ಎಡವುವುದಕ್ಕೆ ಇದೊಂದು ಮುಖ್ಯ ಕಾರಣ. ಅಲ್ಲಿ ಕಡೆಗಣಿಸಬಹುದಾದ ತುಕ್ಕು ಇಲ್ಲಿ ವಾಹನವನ್ನೇ ನಿಲ್ಲಿಸಿಬಿಡುತ್ತದೆ.

ಅಳತೆಯು ಬ್ಯಾಟರಿಯಿಂದ ಆರಂಭವಾಗಬೇಕು. ಮೂರು ಸೆಲ್ಲುಗಳ ಬ್ಯಾಟರಿ ಪೂರ್ಣ ಚಾರ್ಜ್ ಆಗಿದ್ದರೆ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 6.3 ವೋಲ್ಟ್ ತೋರಿಸುತ್ತದೆ. ಅಷ್ಟು ತೋರಿಸಿಯೂ ಹೆಡ್‌ಲೈಟ್ ಹಾಕಿದ ಕೂಡಲೇ 5 ವೋಲ್ಟಿಗೆ ಕುಸಿದರೆ ಅದು ತೋರಿಕೆಯ ಶಿಲ್ಕು ಮಾತ್ರ. ಬ್ಯಾಟರಿ ಸರಿಯಿದ್ದಲ್ಲಿ, ಪಾಯಿಂಟುಗಳು ಕೂಡಿರುವಂತೆ ಇಂಜಿನನ್ನು ನಿಧಾನವಾಗಿ ತಿರುಗಿಸಿ ನಿಲ್ಲಿಸಿ, ಕೀಲಿ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಜೀವಂತ ತುದಿಗೂ ಇನ್ನೊಂದನ್ನು ಕಾಯಿಲಿಗೆ ವಿದ್ಯುತ್ತು ಬರುವ ತುದಿಗೂ ಹಿಡಿಯಬೇಕು. ಮೀಟರು ತೋರಿಸುವುದು ದಾರಿಯಲ್ಲಿ ಕಳೆದುಹೋದ ಮೊತ್ತವನ್ನು. 0.2 ವೋಲ್ಟ್‌ವರೆಗೆ ಚಿಂತೆಯಿಲ್ಲ. ಅರ್ಧ ವೋಲ್ಟ್ ಮೀರಿದರೆ ಫ್ಯೂಸಿನ ಹಿಡಿಕೆ, ಕೀಲಿಯ ಸ್ವಿಚ್ಚಿನ ಸಂಪರ್ಕಗಳು, ವೈರಿನ ತುದಿಗಳು ಇವುಗಳಲ್ಲೊಂದು ಹೊಣೆ. ಕಡ್ಡಿಯನ್ನು ಒಂದೊಂದೇ ಜೋಡಣೆಗೆ ಸರಿಸುತ್ತ ಹೋದರೆ ಯಾವುದೆಂದು ತಿಳಿಯುತ್ತದೆ. ಇದೇ ಪರೀಕ್ಷೆಯನ್ನು ಇಂಜಿನಿನ ಮೈಯಿಂದ ಬ್ಯಾಟರಿಯ ಅರ್ತ್ ತುದಿಯವರೆಗೂ ಮಾಡಬೇಕು.

ಈ ಎರಡನೆಯ ಪರೀಕ್ಷೆಯನ್ನು ಬಹಳ ಮಂದಿ ಮಾಡುವುದಿಲ್ಲ. ಹಳೆಯ ವಾಹನಕ್ಕೆ ಸಾವಿರಾರು ರೂಪಾಯಿ ವೆಚ್ಚ ಮಾಡಿ ಚಾಸಿಗೆ ಹೊಸ ಬಣ್ಣ ಬಳಿಸಿ, ಹೊಳಪು ಕೊಡಿಸಿ ತಂದ ಮೇಲೆ ಅದು ಚಾಲನೆಗೊಳ್ಳಲು ನಿರಾಕರಿಸುವ ಪ್ರಸಂಗಗಳಿಗೆ ಮೂಲ ಇಲ್ಲಿಯೇ ಸಿಗುವುದುಂಟು. ಬಣ್ಣವು ವಿದ್ಯುತ್ ನಿರೋಧಕ. ಅರ್ತ್ ವೈರಿನ ಬೋಲ್ಟ್ ಕೂರುವ ಜಾಗದಲ್ಲಿಯೂ, ಇಂಜಿನು ಚಾಸಿಗೆ ಕೂಡುವ ಜಾಗದಲ್ಲಿಯೂ ಹೊಸ ಬಣ್ಣ ಕುಳಿತರೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಮರಳು ಕಾಗದದ ಒಂದು ತುಂಡು ಇದಕ್ಕೆ ಸಾಕಾದ ಔಷಧ.

ಪಾಯಿಂಟ್ ಮತ್ತು ಕಂಡೆನ್ಸರುಗಳನ್ನು ಬಿಚ್ಚದೆಯೇ ಬಹುಪಾಲು ತೀರ್ಮಾನಕ್ಕೆ ಬರಬಹುದು. ಕೀಲಿ ಹಾಕಿ, ಪಾಯಿಂಟಿನ ವೈರಿಗೂ ಇಂಜಿನಿನ ಮೈಗೂ ಮೀಟರ್ ಹಿಡಿದು ಇಂಜಿನನ್ನು ತಿರುಗಿಸಿದಾಗ, ಪಾಯಿಂಟ್ ಕೂಡಿರುವಾಗ ಸೊನ್ನೆಯ ಸಮೀಪವೂ ತೆರೆದಿರುವಾಗ ಬ್ಯಾಟರಿಯಷ್ಟೇ ವೋಲ್ಟೇಜೂ ಕಾಣಬೇಕು. ಕೂಡಿರುವಾಗಲೂ ಅರ್ಧ ವೋಲ್ಟ್ ಉಳಿದರೆ ಪಾಯಿಂಟಿನ ಮೈ ಸುಟ್ಟಿದೆ ಅಥವಾ ಎಣ್ಣೆ ಕುಳಿತಿದೆ. ತೆರೆದಾಗಲೂ ಸೊನ್ನೆಯೇ ಇದ್ದರೆ, ಕಾಯಿಲಿನಿಂದ ವಿದ್ಯುತ್ತು ಬರುತ್ತಿರುವುದು ಖಚಿತವಾದ ಮೇಲೆ, ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ ಅಥವಾ ವೈರಿನ ಹೊದಿಕೆ ಹರಿದು ಮೈಗೆ ತಾಗಿದೆ. ಪಾಯಿಂಟಿನ ತುದಿಯಲ್ಲೇ ದೊಡ್ಡ ಕಿಡಿಗಳು ಸಿಡಿಯುತ್ತ ಪ್ಲಗ್ಗಿನ ಕಿಡಿ ಬಡವಾದರೆ ಕಂಡೆನ್ಸರ್ ಕೆಲಸ ನಿಲ್ಲಿಸಿದೆ ಎಂದರ್ಥ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದೊಡನೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಚಾಲನೆಗೊಳ್ಳುವ ವಾಹನದಲ್ಲಿ ಕಂಡೆನ್ಸರನ್ನೋ ಕಾಯಿಲನ್ನೋ ಸಂಶಯಿಸುವುದು ನ್ಯಾಯ. ಕೀಲಿ ತೆಗೆಯದೆ ವಾಹನ ನಿಲ್ಲಿಸಿ ಹೋಗುವವರ ಕಾಯಿಲು ಬೇಗ ಸುಡುತ್ತದೆ ಎಂಬುದನ್ನೂ ಇಲ್ಲಿ ಹೇಳಬಹುದು.

ಜಾವಾದ ರಚನೆಯಲ್ಲಿ ಇನ್ನೊಂದು ವಿಶೇಷವಿದೆ. ಡೈನಮೋದ ಆರ್ಮೇಚರ್ ಕ್ರ್ಯಾಂಕಿನ ಬಲತುದಿಯಲ್ಲೇ ಕುಳಿತಿದ್ದು, ಪಾಯಿಂಟನ್ನು ತೆರೆಯುವ ಕ್ಯಾಮ್ ಸಹ ಅದರೊಂದಿಗೇ ತಿರುಗುತ್ತದೆ. ಆ ಬದಿಯ ಬೇರಿಂಗ್ ಸವೆದರೆ ಕ್ಯಾಮ್ ಅಲುಗಾಡುತ್ತದೆ, ನಿಂತಿರುವಾಗ 0.4 ಮಿಲಿಮೀಟರಿಗೆ ಹೊಂದಿಸಿದ ಪಾಯಿಂಟಿನ ಅಂತರ ಓಡುವಾಗ ಉಳಿಯುವುದಿಲ್ಲ. ಇಂತಹ ವಾಹನಕ್ಕೆ ಎಷ್ಟು ಪಾಯಿಂಟ್ ಸೆಟ್ಟುಗಳನ್ನು ಬದಲಿಸಿದರೂ ವ್ಯರ್ಥ.

ಹತ್ತು ದಿನಗಳಲ್ಲಿ ಸತ್ತ ಹೊಸ ಬ್ಯಾಟರಿಯ ವಿಚಾರ ಉಳಿಯಿತು. ಬ್ಯಾಟರಿಯು ದುಡಿಯುವ ಬಂಡವಾಳವಾದರೆ ಡೈನಮೋ ಅದಕ್ಕೆ ಆದಾಯ. ಇಂಜಿನನ್ನು ಸ್ವಲ್ಪ ವೇಗವಾಗಿ ಓಡಿಸಿದಾಗ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜು 7ರ ಸಮೀಪಕ್ಕೆ ಏರಬೇಕು. ಏರದಿದ್ದರೆ ಸವೆದ ಕಾರ್ಬನ್ ಬ್ರಷ್, ಮಸಿ ಹಿಡಿದ ಕಮ್ಯುಟೇಟರ್ ಅಥವಾ ಕೆಟ್ಟ ರೆಗ್ಯುಲೇಟರ್ ಕಾರಣ. ರೆಗ್ಯುಲೇಟರಿನೊಳಗಿನ ಕಟ್‌ಔಟ್ ಅಂಟಿಕೊಂಡರಂತೂ ವಾಹನ ನಿಂತಿರುವಾಗಲೇ ಬ್ಯಾಟರಿಯ ವಿದ್ಯುತ್ತು ಡೈನಮೋಗೆ ಹಿಮ್ಮುಖವಾಗಿ ಹರಿದು ಖಾಲಿಯಾಗುತ್ತದೆ. ಹೊಸ ಬ್ಯಾಟರಿ ಮಾರಿದ ವರ್ತಕನು ಈ ಒಂದು ಅಳತೆಯನ್ನು ಮಾಡಿಸಿದ್ದರೆ, ಗ್ಯಾರಂಟಿಯ ಹೆಸರಿನಲ್ಲಿ ಅಂಗಡಿಯ ಮುಂದೆ ನಡೆಯುವ ಎಷ್ಟೋ ವಾಗ್ವಾದಗಳು ತಪ್ಪುತ್ತಿದ್ದವು.

ಇಷ್ಟು ಸುಲಭವಾದ ಪರೀಕ್ಷೆಗಳು ಗ್ಯಾರೇಜುಗಳಲ್ಲಿ ಏಕೆ ನಡೆಯುವುದಿಲ್ಲ? ಮೆಕ್ಯಾನಿಕ್ಕರ ಅಜ್ಞಾನವನ್ನು ದೂರುವುದು ಪೂರ್ಣ ಸತ್ಯವಲ್ಲ. ಒಂದು ಗಂಟೆ ಮೀಟರ್ ಹಿಡಿದು ಹುಡುಕಿ, ಒಂದು ಬೋಲ್ಟ್ ಉಜ್ಜಿ ವಾಹನವನ್ನು ಓಡಿಸಿಕೊಟ್ಟವನಿಗೆ ಗಿರಾಕಿಯು 'ಏನು ಹಾಕಿದಿರಿ?' ಎಂದು ಕೇಳುತ್ತಾನೆ. ಏನೂ ಹಾಕಿಲ್ಲವಾದರೆ ಐವತ್ತು ರೂಪಾಯಿ ಕೊಡಲೂ ಹಿಂಜರಿಯುತ್ತಾನೆ. ಕಾಯಿಲ್ ಬದಲಿಸಿದವನಿಗಾದರೆ ಕೂಲಿಯ ಜೊತೆಗೆ ಬಿಡಿಭಾಗದ ಮೇಲಿನ ಲಾಭವೂ ಉಂಟು. ಪತ್ತೆ ಹಚ್ಚುವ ವಿದ್ಯೆಗೆ ಬಿಲ್ಲಿನಲ್ಲಿ ಸಾಲಿಲ್ಲದಿರುವಾಗ, ಆ ವಿದ್ಯೆಯ ಬೆಲೆಯನ್ನು ಬಿಡಿಭಾಗದ ಬೆಲೆಯೊಳಗೆ ಅಡಗಿಸುವುದು ಅನಿವಾರ್ಯವಾಗುತ್ತದೆ. ಪ್ರಾಮಾಣಿಕನಿಗೆ ನಷ್ಟ, ಗಿರಾಕಿಗೂ ನಷ್ಟ.

ತೆರಿಗೆಯ ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. ವಾಹನ ದುರಸ್ತಿಯಲ್ಲಿ ಬಿಡಿಭಾಗ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ತೋರಿಸಿದಲ್ಲಿ ಅವುಗಳಿಗೆ ಆಯಾ ದರದಲ್ಲಿ ಜಿ.ಎಸ್.ಟಿ. ವಿಧಿಸತಕ್ಕದ್ದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2018ರ ಜೂನ್ 8ರ ತನ್ನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆಗ ಬಿಡಿಭಾಗಗಳಿಗೆ ಶೇಕಡ 28, ದುರಸ್ತಿ ಸೇವೆಗೆ ಶೇಕಡ 18 ದರವಿದ್ದಿತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ದರವೂ ಶೇಕಡ 18ಕ್ಕೆ ಇಳಿದಿರುವುದರಿಂದ ಒಂದನ್ನು ಇನ್ನೊಂದರಲ್ಲಿ ಬೆರೆಸಿ ಬರೆಯಲು ದರದ ನೆವವೂ ಉಳಿದಿಲ್ಲ. ನೋಂದಣಿಯ ಮಿತಿಯೊಳಗಿರುವ ಸಣ್ಣ ಗ್ಯಾರೇಜಿನವರಿಗೆ ಈ ಜಂಜಾಟವೇ ಇಲ್ಲ. 'ವಿದ್ಯುತ್ ತಪಾಸಣೆ' ಎಂಬ ಒಂದು ಸಾಲನ್ನು ಬಿಲ್ಲಿನಲ್ಲಿ ಸೇರಿಸಿ, ಅದರ ಮೊತ್ತವನ್ನು ಕೆಲಸಕ್ಕೆ ಮುಂಚೆಯೇ ಗಿರಾಕಿಗೆ ತಿಳಿಸಿ, ಅಳತೆ ಮಾಡಿದ ವೋಲ್ಟೇಜುಗಳನ್ನು ಅದರ ಕೆಳಗೆ ಬರೆದುಕೊಡಬಹುದು. ಮುಂದಿನ ಸಲ ವಾಹನ ನಿಂತಾಗ ಯಾವ ಗ್ಯಾರೇಜಿಗೆ ಹೋದರೂ ಆ ಚೀಟಿಯಿಂದಲೇ ಕೆಲಸ ಆರಂಭಿಸಲು ಬರುತ್ತದೆ.