ಕಪ್ಪಿನ ಚಂದ, ಬೆಳಕಿನ ಲೆಕ್ಕ

ಬಿಸಿಲಿನಿಂದ ಐಹೊಳೆಯ ರಾವಣಫಡಿಯೊಳಗೆ ಕಾಲಿಟ್ಟವರಿಗೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಪಕ್ಕದ ಕೋಣೆಯ ಹತ್ತು ಕೈಯ ನಟರಾಜ, ಅವನ ಜೊತೆಗಿರುವ ಸಪ್ತಮಾತೃಕೆಯರು ಒಬ್ಬೊಬ್ಬರಾಗಿ ಬಂಡೆಯಿಂದ ಎದ್ದು ಬರುತ್ತಾರೆ. ಆ ಗುಹೆಯ ಒಳ್ಳೆಯ ಫೋಟೊದಲ್ಲಿ ಮುಕ್ಕಾಲು ಪಾಲು ಕಪ್ಪೇ ಇರುತ್ತದೆ. ಅದೇ ಫೋಟೊವನ್ನು ಶಾಲೆಯ ಎಲ್‌ಸಿಡಿ ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟು ನೋಡಿ. ಕಪ್ಪೆಲ್ಲ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಶಿವನಿಗೆ ಬೂದಿ ಒಪ್ಪುತ್ತದೆ ನಿಜ, ಗುಹೆಗೆ ಒಪ್ಪುವುದಿಲ್ಲ.

ಹಳೆಯ ಸಿಆರ್‌ಟಿ ಪ್ರೊಜೆಕ್ಟರಿನ ಅಭಿಮಾನಿಗಳು ಹಿಡಿಯುವುದು ಇದೇ ಎಳೆಯನ್ನು. ಮುಚ್ಚಿದ ವಿಡಿಯೊ ಹಾಲಿನದೋ, ಹೊಸದು ಬಂದ ಮೇಲೆ ಮೂಲೆ ಸೇರಿದ ಯಾವುದೋ ಸಭಾಂಗಣದ್ದೋ ಒಂದು ಪೆಟ್ಟಿಗೆ ಗುಜರಿ ರೇಟಿಗೆ ಸಿಗುತ್ತದೆ ಅಂದುಕೊಳ್ಳಿ. ಮಾರುವವನು ಬಿಡುವುದಿಲ್ಲ: ‘ಬೆಲ್ಜಿಯಂ ಮಾಲು ರೀ, ಈಗ ಇಂಥಾದ್ದು ಸಿಗಾಂಗಿಲ್ಲ.’ ಅವನ ಮಾತು ಸುಳ್ಳಲ್ಲ. ಮನೆಗೋ, ಊರಿನ ಸಮುದಾಯ ಭವನಕ್ಕೋ, ಮಠದ ದಾಸೋಹದ ಹಾಲಿಗೋ ಅದನ್ನು ತರಬೇಕೇ, ಅಥವಾ ಅಂಗಡಿಗೆ ಹೋಗಿ ಹೊಸ ಎಲ್‌ಸಿಡಿ ಕೊಳ್ಳಬೇಕೇ?

ಸಿಆರ್‌ಟಿ ಪ್ರೊಜೆಕ್ಟರಿಗೆ ಮೂರು ಕಣ್ಣು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ದೊಡ್ಡ ಲೆನ್ಸು. ಪ್ರತಿ ಲೆನ್ಸಿನ ಹಿಂದೆ ಹಿಂದಿನ ಡಬ್ಬಿ ಟಿವಿಯಲ್ಲಿದ್ದಂಥ ಪಿಕ್ಚರ್ ಟ್ಯೂಬು, ಆದರೆ 7, 8 ಇಲ್ಲವೇ 9 ಇಂಚಿನದು. ಮೂರು ಚಿತ್ರಗಳು ಪರದೆಯ ಮೇಲೆ ಒಂದರ ಮೇಲೊಂದು ಕೂತಾಗ ಬಣ್ಣದ ಚಿತ್ರ. 1972ರಲ್ಲಿ ಅಮೆರಿಕದ ಹೆನ್ರಿ ಕ್ಲಾಸ್ ಅವರ ಅಡ್ವೆಂಟ್ ಕಂಪನಿ ‘ವಿಡಿಯೊಬೀಮ್’ ಹೆಸರಿನಲ್ಲಿ ಮೂರು ಟ್ಯೂಬಿನ ಪ್ರೊಜೆಕ್ಟರನ್ನು ಮನೆ ಬಳಕೆಗೆ ಮಾರಲು ಶುರುಮಾಡಿತು. ಮುಂದೆ ಜಪಾನಿನ ಸೋನಿ, ಬೆಲ್ಜಿಯಂನ ಬಾರ್ಕೊ, ಕೆನಡಾದ ಎಲೆಕ್ಟ್ರೊಹೋಮ್ ಕಂಪನಿಗಳು ಈ ವಿದ್ಯೆಯನ್ನು ಎಷ್ಟು ಎತ್ತರಕ್ಕೆ ಒಯ್ದವೆಂದರೆ, 1990ರ ದಶಕದ ಕೊನೆಯ 9 ಇಂಚಿನ ಮಾದರಿಗಳ ಚಿತ್ರವನ್ನು ಇವತ್ತಿಗೂ ಹೀಗಳೆಯುವವರಿಲ್ಲ.

ಅದರ ಗುಟ್ಟು ಕಪ್ಪಿನಲ್ಲಿದೆ. ಟ್ಯೂಬಿನೊಳಗೆ ಎಲೆಕ್ಟ್ರಾನ್ ಕಿರಣ ಬಡಿದ ಜಾಗ ಮಾತ್ರ ಹೊಳೆಯುತ್ತದೆ. ಬಡಿಯದ ಕಡೆ ಬೆಳಕೇ ಹುಟ್ಟುವುದಿಲ್ಲ. ಎಲ್‌ಸಿಡಿಯದು ತಿರುಗಾಮುರುಗಾ. ಅಲ್ಲಿ ದೀಪ ಸದಾ ಪೂರ್ತಿ ಉರಿಯುತ್ತಿರುತ್ತದೆ. ಅದರ ಬೆಳಕನ್ನು ಕನ್ನಡಿಗಳು ಮೂರು ಬಣ್ಣಕ್ಕೆ ಒಡೆದು, ಒಂದು ಇಂಚಿಗೂ ಚಿಕ್ಕದಾದ ಮೂರು ಎಲ್‌ಸಿಡಿ ಪಟ್ಟಿಗಳ ಮೂಲಕ ಹಾಯಿಸಿ, ಪ್ರಿಸಮ್ಮಿನಲ್ಲಿ ಮತ್ತೆ ಕೂಡಿಸುತ್ತವೆ. ಕಪ್ಪು ಬೇಕಾದ ಕಡೆ ಆ ಪಟ್ಟಿ ಬೆಳಕನ್ನು ತಡೆಯಬೇಕು. ಎಷ್ಟೇ ತಡೆದರೂ ಒಂದಿಷ್ಟು ಸೋರುತ್ತದೆ. ರಾವಣಫಡಿಯ ಗೋಡೆ ಬೂದಿಯಾಗುವುದು ಈ ಸೋರಿಕೆಯಿಂದ.

ಇಷ್ಟು ಕೇಳಿ ಹಳೆಯದಕ್ಕೇ ಮನಸ್ಸು ಮಾಡುವ ಮೊದಲು ಒಂದು ಭಾಗಾಕಾರ ಮಾಡಿ ನೋಡಬೇಕು. ಪ್ರೊಜೆಕ್ಟರ್ ಕೊಡುವ ಬೆಳಕನ್ನು ಲ್ಯೂಮೆನ್ಸ್‌ನಲ್ಲಿ ಅಳೆಯುತ್ತಾರೆ. ಅದನ್ನು ಪರದೆಯ ಚದರ ಅಡಿಯಿಂದ ಭಾಗಿಸಿದರೆ ಚಿತ್ರ ಎಷ್ಟು ಪ್ರಕಾಶವಾಗಿದೆ ಎಂಬ ಅಂದಾಜು ಸಿಗುತ್ತದೆ. ಚಿತ್ರಮಂದಿರಗಳು ಇಟ್ಟುಕೊಳ್ಳುವ ಗುರಿ ಸುಮಾರು 14ರಿಂದ 16. ದೊಡ್ಡ 9 ಇಂಚಿನ ಸಿಆರ್‌ಟಿಯೂ ಪರದೆ ತುಂಬ ಬಿಳುಪು ತೋರಿಸುವಾಗ ಕೊಡುವುದು ಸುಮಾರು 250–300 ಲ್ಯೂಮೆನ್ಸ್. (ಕಂಪನಿಯ ಕಾಗದದಲ್ಲಿ ಸಾವಿರದ ಮೇಲೆ ಬರೆದಿರುತ್ತಾರೆ, ಅದು ಪರದೆಯ ಒಂದು ಚಿಕ್ಕ ಭಾಗವಷ್ಟೇ ಬೆಳಗುವಾಗ ಸಿಗುವ ಲೆಕ್ಕ.) 6 ಅಡಿ ಅಗಲ, ಮೂರೂವರೆ ಅಡಿ ಎತ್ತರದ ಪರದೆಗೆ 21 ಚದರ ಅಡಿ, 250ನ್ನು ಭಾಗಿಸಿದರೆ 12 ಬಂತು. ಕತ್ತಲ ಕೋಣೆಯಲ್ಲಿ ಮನೆ ಮಂದಿ ನೋಡಲು ಅಡ್ಡಿಯಿಲ್ಲ. ಅದನ್ನೇ ಸಮುದಾಯ ಭವನದ 12 ಅಡಿ ಅಗಲ, 7 ಅಡಿ ಎತ್ತರದ ಪರದೆಗೆ ಬಿಟ್ಟರೆ ಬರುವುದು ಬರೀ 3. ಸಾಧಾರಣ 3,000 ಲ್ಯೂಮೆನ್ಸ್ ಎಲ್‌ಸಿಡಿ ಅದೇ ಪರದೆಗೆ 35ರ ಮೇಲೆ ಕೊಡುತ್ತದೆ.

ಕಿಟಕಿಗೆ ಪರದೆಯಿಲ್ಲದ ಹೈಸ್ಕೂಲಿನ ಕೋಣೆಯಲ್ಲಿ ಹಗಲು ಹೊತ್ತು ಸಿಆರ್‌ಟಿ ಹಚ್ಚಿದರೆ ಮಕ್ಕಳಿಗೆ ಕಾಣುವುದು ಬರೀ ಗೋಡೆ. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನದ ಅಕ್ಷರ ತೋರಿಸಬೇಕೆಂದಿದ್ದ ಮೇಷ್ಟ್ರಿಗೆ ಎಲ್‌ಸಿಡಿಯೇ ಗತಿ. ಜಾತ್ರೆಯ ಬಯಲಿನದೂ ಇದೇ ಕತೆ. ಬಾದಾಮಿಯ ಬನಶಂಕರಿ ಜಾತ್ರೆ ನಡೆಯುವುದು ಬನದ ಹುಣ್ಣಿಮೆಗೆ. ಮೇಲೆ ಬೆಳದಿಂಗಳು, ಸುತ್ತ ನಾಟಕ ಕಂಪನಿಗಳ, ಮಿಠಾಯಿ ಅಂಗಡಿಗಳ ದೀಪ. ಅಲ್ಲಿ ಪರದೆಯ ಮೇಲೆ ಬೀಳುವ ಹೊರಬೆಳಕೇ ಕಪ್ಪನ್ನು ತೊಳೆದುಹಾಕುತ್ತದೆ. ಸಿಆರ್‌ಟಿಯ ಅಸಲಿ ಕಪ್ಪು ಪೆಟ್ಟಿಗೆಯೊಳಗೇ ಉಳಿಯಬೇಕಾಗುತ್ತದೆ.

ಅಲ್ಲಿಗೆ ಹೊತ್ತೊಯ್ಯುವುದಾದರೂ ಹೇಗೆ? ದೊಡ್ಡ ಮಾದರಿಗಳು ಒಂದು ಕ್ವಿಂಟಲ್ ದಾಟುತ್ತವೆ. ಹೊತ್ತು ಇಳಿಸಿದ ಮೇಲೆ ನಿಜವಾದ ಕೆಲಸ ಶುರು. ಮೂರು ಬಣ್ಣದ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಬೇಕು, ಇದಕ್ಕೆ ಕನ್ವರ್ಜೆನ್ಸ್ ಅನ್ನುತ್ತಾರೆ. ಪರದೆಯ ಮೇಲೆ ಗೆರೆಗಳ ಬಲೆ ಬಿಟ್ಟುಕೊಂಡು, ಮಧ್ಯ, ಅಂಚು, ಮೂಲೆ ಎಂದು ಒಂದೊಂದೇ ಜಾಗದಲ್ಲಿ ಕೆಂಪನ್ನೂ ನೀಲಿಯನ್ನೂ ಹಸಿರಿನ ಮೇಲೆ ತಂದು ಕೂರಿಸಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೂ ಮುಂಚೆ ಅರ್ಧ ಗಂಟೆ ಯಂತ್ರ ಬಿಸಿಯಾಗಬೇಕು. ಇಷ್ಟೆಲ್ಲ ಆದ ಮೇಲೆ ಯಾರದ್ದಾದರೂ ಮೊಣಕೈ ತಾಗಿ ಪೆಟ್ಟಿಗೆ ಒಂದು ಬೆರಳಷ್ಟು ಸರಿದರೆ ಮತ್ತೆ ಮೊದಲಿನಿಂದ.

ಈ ಕೆಲಸ ಸರಿಯಾಗಿದೆಯೇ ಎಂದು ನೋಡಲು ಬಣ್ಣದ ಸಿನಿಮಾಕ್ಕಿಂತ ಕಪ್ಪು-ಬಿಳುಪಿನ ಸಿನಿಮಾ ಒಳ್ಳೆಯ ಒರೆಗಲ್ಲು. ರಾಜ್‌ಕುಮಾರ್ ಅವರ 1967ರ ‘ಇಮ್ಮಡಿ ಪುಲಿಕೇಶಿ’ ಹಾಕಿ. ಮೂರೂ ಬಣ್ಣ ಸರಿಸಮ ಕೂತಾಗ ಮಾತ್ರ ಬಿಳಿ ಬಿಳಿಯಾಗಿರುತ್ತದೆ. ಕೂದಲೆಳೆ ತಪ್ಪಿದರೂ ಚಕ್ರವರ್ತಿಯ ಕಿರೀಟದ ಒಂದು ಅಂಚು ಕೆಂಪಗೆ, ಇನ್ನೊಂದು ನೀಲಿಯಾಗಿ ಕಾಣುತ್ತದೆ. ಚೆನ್ನಾಗಿ ಕೂಡಿಸಿದ ಸಿಆರ್‌ಟಿಯಲ್ಲಿ ಆ ಕಾಲದ ಸಿನಿಮಾ ನೋಡುವುದು ಬೇರೆಯೇ ಸುಖ, ಇದನ್ನು ಒಪ್ಪಲೇಬೇಕು. ಅದಕ್ಕೆ ಚೌಕ ಚೌಕ ಪಿಕ್ಸೆಲ್ಲಿನ ಕಟ್ಟಿಲ್ಲ. ಹಳೆಯ ವಿಸಿಡಿ, ಡಿವಿಡಿಗಳ ಒರಟು ಚಿತ್ರವನ್ನು ಅದು ಮೆತ್ತಗೆ ಮಾಡಿ ತೋರಿಸುತ್ತದೆ. ಎಲ್‌ಸಿಡಿ ಆ ಒರಟುತನವನ್ನೇ ಹಿಗ್ಗಿಸಿ ಮುಖಕ್ಕೆ ಹಿಡಿಯುತ್ತದೆ.

ಇನ್ನು ಬಣ್ಣ. ಇಳಕಲ್ ಸೀರೆಯ ದಾಳಿಂಬೆ ಕೆಂಪನ್ನು ಎರಡೂ ಸಲೀಸಾಗಿ ತೋರಿಸುವುದಿಲ್ಲ. ಸಿಆರ್‌ಟಿಯ ಕೆಂಪು ಕಿತ್ತಳೆಯ ಕಡೆ ವಾಲುತ್ತದೆ. ಅದಕ್ಕೆಂದೇ ಒಳ್ಳೆಯ ಮಾದರಿಗಳಲ್ಲಿ ಬಣ್ಣದ ಫಿಲ್ಟರ್ ಹಾಕುತ್ತಿದ್ದರು. ಎಲ್‌ಸಿಡಿಯ ಪಾದರಸದ ದೀಪದಲ್ಲಿ ಕೆಂಪಿನ ಅಂಶವೇ ಕಡಿಮೆ. ಅತಿ ಪ್ರಕಾಶದ ಮೋಡಿನಲ್ಲಿಟ್ಟರೆ ಚಿತ್ರವೆಲ್ಲ ಹಸಿರು ಹೊಡೆಯುತ್ತದೆ. ಸಿನಿಮಾ ಮೋಡಿಗೆ ಬದಲಿಸಿದರೆ ಸೆರಗಿನ ಕೆಂಪು ಮರಳುತ್ತದೆ, ಬೆಳಕು ಇಳಿಯುತ್ತದೆ.

ಎಲ್‌ಸಿಡಿ ತಂದರೆ ತಲೆನೋವು ಮುಗಿಯಿತು ಎಂದೂ ಅಲ್ಲ, ಅದರಲ್ಲೂ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ. ಹುನಗುಂದದ ಎರಿ ಮಣ್ಣು ಬೇಸಿಗೆಯಲ್ಲಿ ಹಿಟ್ಟಾಗಿ ಹಾರುತ್ತದೆ, ಇಳಕಲ್ ಸುತ್ತ ಗ್ರಾನೈಟ್ ಕ್ವಾರಿಗಳ ಧೂಳು ಬೇರೆ. ಎಲ್‌ಸಿಡಿ ಪ್ರೊಜೆಕ್ಟರ್ ಫ್ಯಾನಿನಿಂದ ಗಾಳಿ ಎಳೆದುಕೊಂಡೇ ತಂಪಾಗಬೇಕು. ಫಿಲ್ಟರ್ ಕಟ್ಟಿಕೊಂಡರೆ ಒಳಗೆ ಕಾವು ಏರಿ, ಬೆಳಕನ್ನು ತಿದ್ದುವ ಪೋಲರೈಸರ್ ಹಾಳೆಗಳು ಸುಡುತ್ತವೆ. ಆಮೇಲೆ ಪರದೆಯ ಮೇಲೆ ಹಳದಿಯೋ ನೀಲಿಯೋ ಮಚ್ಚೆ ಮೂಡುತ್ತದೆ. ಸಾಮಾನ್ಯ ಮಾದರಿಗಳಿಗೆ ಕಂಪನಿಯವರು ಹೇಳುವ ಕೋಣೆಯ ಉಷ್ಣತೆ ಹೆಚ್ಚೆಂದರೆ 35ರಿಂದ 40 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆಯ ಹಗಲು ಆ ಗೆರೆ ಮುಟ್ಟುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ಜಾಡಿಸುವವರು ಯಾರು ಎಂಬುದನ್ನು ಕೊಳ್ಳುವ ದಿನವೇ ಗೊತ್ತುಮಾಡಿಕೊಳ್ಳಿ.

ಕರೆಂಟ್ ಹೋಗುವುದು ಇನ್ನೊಂದು ಕಾಟ. ದೀಪದ ಎಲ್‌ಸಿಡಿಯಲ್ಲಿರುವ ಪುಟ್ಟ ಬಲ್ಬಿನೊಳಗೆ ಪಾದರಸದ ಆವಿ ಸುಮಾರು 200 ವಾತಾವರಣದ ಒತ್ತಡದಲ್ಲಿರುತ್ತದೆ. ಉರಿಯುವಾಗ ಹಠಾತ್ತನೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಬಲ್ಬ್ ತಣಿಯದೆ ಬೇಯುತ್ತದೆ, ಆಯುಸ್ಸು ಕಡಿಮೆಯಾಗುತ್ತದೆ. ಮರಳಿ ಬಂದರೂ ತಣಿಯುವ ತನಕ ಹೊತ್ತಿಕೊಳ್ಳುವುದಿಲ್ಲ. ಒಂದು ಯುಪಿಎಸ್ ಇಡಲೇಬೇಕು. ಇಲ್ಲವೇ ಸ್ವಲ್ಪ ಹೆಚ್ಚು ಹಣ ಕೊಟ್ಟು ಲೇಸರ್ ಬೆಳಕಿನ ಮಾದರಿ ತರಬೇಕು. ಅದಕ್ಕೆ 20,000 ಗಂಟೆಯ ಬಾಳಿಕೆ ಹೇಳುತ್ತಾರೆ, ಬಲ್ಬ್ ಬದಲಿಸುವ ಗೊಡವೆಯಿಲ್ಲ. ಊರೊಟ್ಟಿನ ಬಳಕೆಗೆ ನನ್ನ ಓಟು ಅದಕ್ಕೇ.

ಸಿಆರ್‌ಟಿಯ ಟ್ಯೂಬು ಕೆಟ್ಟರೆ? ಹೊಸ ಟ್ಯೂಬು ಪೇಟೆಯಲ್ಲಿ ಸಿಗುವ ಕಾಲ ಮುಗಿಯಿತು. ಇನ್ನೊಂದು ಹಳೆಯ ಯಂತ್ರದಿಂದ ಕಿತ್ತು ಹಾಕಬೇಕು. ಕೈಹಾಕುವವನಿಗೆ ಕೆಲಸ ಗೊತ್ತಿರಬೇಕು. ಒಳಗೆ 30 ಸಾವಿರ ವೋಲ್ಟಿಗೂ ಹೆಚ್ಚು ಓಡಾಡುತ್ತದೆ, ಸ್ವಿಚ್ ಆರಿಸಿದ ಮೇಲೂ ಒಂದಿಷ್ಟು ಹೊತ್ತು ಅದು ಉಳಿದಿರುತ್ತದೆ. ಈಗಿನ ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ವೈರು ಚುಚ್ಚಲು ಅದರಲ್ಲಿ ತೂತೇ ಇಲ್ಲ, ಕನ್ವರ್ಟರ್ ಬೇಕು. ಹಾಗಿದ್ದೂ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ, ರಿಪೇರಿಯ ಹುಚ್ಚು, ರಾತ್ರಿಯ ಸಮಯ ಮೂರೂ ಇರುವವರು ಧಾರಾಳವಾಗಿ ಕೊಳ್ಳಲಿ. ಕೊಳ್ಳುವಾಗ ಲೆನ್ಸಿನೊಳಗೆ ಇಣುಕಿ ಟ್ಯೂಬಿನ ಮುಖ ನೋಡಬೇಕು. ಅಲ್ಲಿ ಚೌಕಾಕಾರದ ಕಂದು ಕಲೆ, ಚಾನೆಲ್ಲಿನ ಗುರುತು, ಮೆನುವಿನ ಪಟ್ಟಿ ಅಚ್ಚೊತ್ತಿದ್ದರೆ ಆ ಟ್ಯೂಬು ಸವೆದಿದೆ; ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಹೊಸದು ಕೊಳ್ಳುವವರಿಗೂ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಐದಾರು ಸಾವಿರ ರೂಪಾಯಿಗೆ ‘9,000 ಲ್ಯೂಮೆನ್ಸ್’ ಎಂದು ಮಾರುವ ಅಂಗೈಯಗಲದ ಪ್ರೊಜೆಕ್ಟರುಗಳೂ ಹೆಸರಿಗೆ ಎಲ್‌ಸಿಡಿಯೇ. ಒಳಗಿರುವುದು ಒಂದೇ ಪಟ್ಟಿ, ಒಂದು ಎಲ್‌ಇಡಿ; ನಿಜವಾದ ಬೆಳಕು ಹೇಳಿದ್ದರ ಹತ್ತಿರವೂ ಸುಳಿಯುವುದಿಲ್ಲ. ಎಎನ್‌ಎಸ್‌ಐ ಅಥವಾ ಐಎಸ್‌ಒ ಮಾನದಂಡದಂತೆ ಅಳೆದ ಲ್ಯೂಮೆನ್ಸ್ ಎಷ್ಟು ಎಂದು ಕೇಳಿ. ಉತ್ತರ ಕೊಡದವರಲ್ಲಿ ಕೊಳ್ಳಬೇಡಿ.

ಶಾಲೆ, ಭವನ, ಜಾತ್ರೆ, ಕ್ರಿಕೆಟ್ ಮ್ಯಾಚಿಗೆ ಎಲ್‌ಸಿಡಿ. ಕತ್ತಲ ಕೋಣೆಯ ಹವ್ಯಾಸಿಗೆ ಮಾತ್ರ ಸಿಆರ್‌ಟಿ. ಯಾರಿಗೂ ಬೇಡವಾಗಿ ನಿಮ್ಮ ಭವನದ ಮೂಲೆಯಲ್ಲೇ ಒಂದು ಕೂತಿದ್ದರೆ, ತಾಮ್ರದ ಆಸೆಗೆ ಒಡೆದು ಬಿಸಾಡುವವರ ಕೈಗೆ ಕೊಡಬೇಡಿ. ಟ್ಯೂಬಿನ ಗಾಜಿನಲ್ಲಿ ಸೀಸವಿದೆ, ಟ್ಯೂಬನ್ನು ತಂಪಾಗಿಡುವ ಗ್ಲೈಕಾಲ್ ದ್ರವ ದನಕರು ನೆಕ್ಕಿದರೂ ವಿಷ. ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಒಪ್ಪಿಸಿ, ರಸೀದಿ ಪಡೆಯಿರಿ.