ತಾಳೆಮರದ ದೋಣಿ, ತಾವರೆಯೆಲೆಯ ಹಕ್ಕಿ

ವಿಶಾಖಪಟ್ಟಣ ಅಂದರೆ ಬರೀ ಕಡಲು ಎನ್ನುವವರು ಒಮ್ಮೆ ಅಚ್ಯುತಾಪುರಂ ಬಳಿಯ ಕೊಂಡಕರ್ಲ ಆವಕ್ಕೆ ಬರಬೇಕು. ಪೂರ್ವಘಟ್ಟದ ಗುಡ್ಡಗಳ ಬುಡದಲ್ಲಿ ಹರಡಿದ ಸಿಹಿನೀರಿನ ಕೆರೆ ಇದು. ಇಲ್ಲಿ ದೋಣಿ ಎಂದರೆ ಕೊರೆದ ತಾಳೆಮರದ ದಿಮ್ಮಿ. ಮೋಟಾರಿನ ಸದ್ದಿಲ್ಲದೆ ಹಕ್ಕಿಗಳ ಹತ್ತಿರ ಹೋಗಬಹುದು.

ತಾವರೆಯೆಲೆಗಳತ್ತ ನೋಡಿ.

ಅವುಗಳ ಮೇಲೆ ನಡೆದೇ ಸಾಗುವುದು ದೇವನಕ್ಕಿ. ಉದ್ದುದ್ದ ಬೆರಳುಗಳು ಭಾರ ಹಂಚುವುದರಿಂದ ಎಲೆ ಮುಳುಗುವುದಿಲ್ಲ. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡನ್ನು ಹುಡುಕಿ ಹೊರಡುತ್ತದೆ. ಕಾವು ಕೊಟ್ಟು ಮರಿ ಬೆಳೆಸುವುದು ಅಪ್ಪನೇ! ಬೈನಾಕ್ಯುಲರ್ ಹಿಡಿದವರು ಈ ಒಂದು ಹಕ್ಕಿಗೇ ಅರ್ಧ ಬೆಳಗು ಕೊಟ್ಟರೂ ಸಾರ್ಥಕ. ಚಳಿಗಾಲಕ್ಕೆ ಉತ್ತರದಿಂದ ಸೂಜಿಬಾಲದ ಬಾತುಗಳೂ ಬರುತ್ತವೆ.

ವಿಜಯವಾಡದ ಕಡೆಯವರಿಗೆ ಕೃಷ್ಣಾ, ಗೋದಾವರಿ ಮುಖಜಭೂಮಿಗಳ ನಡುವೆ ಕೊಲ್ಲೇರು ಸರೋವರವಿದೆ. ಅಲ್ಲಿನ ಆಟಪಾಕದಲ್ಲಿ, ಮದ್ದೂರಿನ ಕೊಕ್ಕರೆ ಬೆಳ್ಳೂರಿನಂತೆಯೇ, ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2002ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿದ ಈ ಸರೋವರವನ್ನು ಮೀನುಹೊಂಡಗಳು ನುಂಗುತ್ತಿದ್ದವು. 2006ರಲ್ಲಿ ಸರ್ಕಾರ ಸಾವಿರಾರು ಎಕರೆ ಹೊಂಡಗಳ ಏರಿ ಒಡೆಸಿತು. ಒತ್ತುವರಿ ಮಾತ್ರ ಮತ್ತೆ ತಲೆಯೆತ್ತಿತು. ಕೊಲ್ಲೇರಿನ ಕಾವಲು ಇನ್ನಷ್ಟು ಬಿಗಿಯಾಗಲೇಬೇಕು.