ಬೆಂಕಿಗೆ ಎದುರು ನಿಲ್ಲುವ ಬಿಳಿ ಹಲಗೆ

ಶೆಡ್ಡಿನ ಒಳಗೆ ಮೊದಲು ಎದುರಾಗುವುದು ಮಿಕ್ಸರಿನ ಸದ್ದು. ತಗಡಿನ ಚಾವಣಿಗೆ ಬಡಿದು ಮರಳುವ ಆ ಗುರುಗುರು ಸದ್ದಿಗೆ ಕಿವಿ ಒಗ್ಗುವಷ್ಟರಲ್ಲಿ ಕಣ್ಣೂ ಒಳಗಿನ ಬೆಳಕಿಗೆ ಹೊಂದಿಕೊಂಡು, ಇಲ್ಲಿ ಎಲ್ಲವೂ ಬಿಳಿ ಎಂಬುದು ನಿಧಾನಕ್ಕೆ ಅರಿವಾಗುತ್ತದೆ. ನೆಲ ಬಿಳಿ, ಕಂಬ ಬಿಳಿ, ಗೋಡೆಗೊರಗಿಸಿ ಪೇರಿಸಿದ ಚೀಲ ಬಿಳಿ, ಚೀಲದ ಬಾಯಿ ಬಿಚ್ಚಿ ಪುಡಿ ಸುರಿಯುತ್ತಿರುವವನ ಹುಬ್ಬು, ರೆಪ್ಪೆ, ಮೂಗಿಗೆ ಕಟ್ಟಿದ ಬಟ್ಟೆಯೂ ಬಿಳಿ. ಗಾಳಿಯಲ್ಲಿ ಹಸಿ ಮರದಪುಡಿಯ ವಾಸನೆ, ಅದರ ಜೊತೆಗೆ ಕಡಲ ದಂಡೆಯಲ್ಲಿ ಮೂಗಿಗೆ ಬರುವ ಉಪ್ಪಿನ ಒಗರು. ಬನ್ನಿ, ಕೆಲಸದವರ ದಾರಿಗೆ ಅಡ್ಡವಾಗದಂತೆ ಈ ತೊಟ್ಟಿಯ ಪಕ್ಕ ನಿಲ್ಲೋಣ. ಇಲ್ಲಿ ತಯಾರಾಗುತ್ತಿರುವುದು ಮೆಗ್ನೀಷಿಯಂ ಆಕ್ಸೈಡ್ ಹಲಗೆ. ಅಂಗಡಿಯವರ ಬಾಯಲ್ಲಿ ಎಂಜಿಒ ಬೋರ್ಡು. ಕಚೇರಿಯ ಪಾರ್ಟಿಷನ್ನಾಗಿ, ಫಾಲ್ಸ್ ಸೀಲಿಂಗಾಗಿ, ಬೆಂಕಿ ತಡೆಯುವ ಬಾಗಿಲಿನ ಹೊಟ್ಟೆಯೊಳಗಿನ ತುಂಬುವಸ್ತುವಾಗಿ, ಮೇಲೆ ಬಣ್ಣ ಬಳಿಸಿಕೊಂಡು ಯಾರ ಕಣ್ಣಿಗೂ ಬೀಳದೆ ನಿಂತಿರುವ ಹಲಗೆ ಇದು.

ತೊಟ್ಟಿಯಲ್ಲಿರುವುದು ಬರಿಯ ನೀರಲ್ಲ. ಬೆರಳದ್ದಿ ಉಜ್ಜಿದರೆ ಜಾರುತ್ತದೆ, ನಾಲಿಗೆಗೆ ತಾಗಿದರೆ ಕಹಿ. ಮೆಗ್ನೀಷಿಯಂ ಕ್ಲೋರೈಡನ್ನು ಕರಗಿಸಿದ ನೀರು ಅದು. ಒಬ್ಬಾತ ಬಾಗಿ ಅದರಲ್ಲೊಂದು ಗಾಜಿನ ಕೊಳವೆ ತೇಲಿಬಿಡುತ್ತಾನೆ. ಕೊಳವೆ ತುಸು ಹೊತ್ತು ಓಲಾಡಿ ನಿಂತ ಮೇಲೆ ನೀರಿನ ಮಟ್ಟಕ್ಕೆ ಬಂದ ಗೆರೆಯನ್ನು ಕಣ್ಣು ಕಿರಿದಾಗಿಸಿ ಓದುತ್ತಾನೆ. ನೀರು ಎಷ್ಟು ಗಟ್ಟಿ ಎಂದು ಹೇಳುವ ಆ ಗೆರೆಗಳಿಗೆ ಬೋಮೆ ಡಿಗ್ರಿ ಎನ್ನುತ್ತಾರೆ. ಗೆರೆ ಸರಿಯಿಲ್ಲವೆಂದರೆ ಮಿಕ್ಸರಿಗೆ ನೀರು ಬಿಡುವಂತಿಲ್ಲ. ಈ ಶೆಡ್ಡಿನ ಅತಿ ಮುಖ್ಯವಾದ ಕೆಲಸ ಇದೇ ಎಂಬುದು ನೋಡುವವರಿಗೆ ಮೊದಲಿಗೆ ಹೊಳೆಯುವುದಿಲ್ಲ.

ಈ ಕಹಿನೀರಿನ ತವರು, ನಮ್ಮ ದೇಶದ ಮಟ್ಟಿಗೆ, ಗುಜರಾತಿನ ಚಿಕ್ಕ ರಣ್. ಮಳೆಗಾಲದ ನೀರು ಇಳಿದ ಮೇಲೆ ಕಣ್ಣು ಹಾಯುವಷ್ಟು ದೂರವೂ ಬಿರುಕುಬಿಟ್ಟ ಮಣ್ಣು. ಆ ಬಯಲಿಗೆ ಅಗರಿಯಾ ಕುಟುಂಬಗಳು ಗುಡಿಸಲು ಸಮೇತ ಹೋಗಿ ನೆಲೆಸಿ, ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಮಡಿಗಳಲ್ಲಿ ಹರಡಿ, ಚಳಿಗಾಲದುದ್ದಕ್ಕೂ ಹಲುಬೆಯಲ್ಲಿ ಕೆದಕುತ್ತ ಉಪ್ಪನ್ನು ಹರಳುಗಟ್ಟಿಸುತ್ತವೆ. ಉಪ್ಪು ತಳಕ್ಕೆ ಕೂತ ಮೇಲೆ ಮಡಿಯಲ್ಲಿ ಉಳಿಯುವ, ಇನ್ನು ಉಪ್ಪು ಬಿಡಲೊಲ್ಲದ ಮಂದವಾದ ನೀರಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ತುಂಬಿರುತ್ತದೆ. ರಣ್ ಅಂಚಿನ ಖಾರಾಘೋಡಾ ಎಂಬ ಊರಿನಲ್ಲಿ ಅದನ್ನು ಕುದಿಸಿ ಗಟ್ಟಿಗೊಳಿಸುವ ಕಸುಬು ಶತಮಾನದಷ್ಟು ಹಳೆಯದು. ಅದಕ್ಕೂ ಮೊದಲು ನಮ್ಮ ಹತ್ತಿ ಗಿರಣಿಗಳು ನೂಲಿನ ಗಂಜಿಗೆ ಬೇಕಾದ ಈ ಲವಣವನ್ನು ಜರ್ಮನಿಯಿಂದ ತರಿಸುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಆ ಹಡಗುಗಳು ನಿಂತಾಗ ನಮ್ಮ ರಣ್ ನೀರಿಗೆ ಬೆಲೆ ಬಂತು.

ಚೀಲದಲ್ಲಿರುವ ಬಿಳಿ ಪುಡಿಯದು ಬೇರೆ ಕಥೆ; ಅದು ಕಲ್ಲಿನ ಮಗಳು. ಸೇಲಂ ನಗರದ ಉತ್ತರಕ್ಕೆ, ಯೇರ್ಕಾಡ್ ಬೆಟ್ಟದ ಬುಡದತ್ತ ಸಾಗಿದರೆ ಗಿಡಮರ ವಿರಳವಾದ ಗುಡ್ಡಗಳು ಸಿಗುತ್ತವೆ. ಹಸಿರುಗಪ್ಪು ಬಂಡೆಯ ಮೈತುಂಬ ಬಿಳಿಯ ಎಳೆಗಳು, ಅಡ್ಡ ಉದ್ದ ಹೆಣೆದುಕೊಂಡು ಹಬ್ಬಿವೆ. ಆ ಎಳೆಗಳೇ ಮ್ಯಾಗ್ನೆಸೈಟ್. ನಮ್ಮ ಮೈಸೂರು ಸೀಮೆಯ ದೊಡ್ಡಕಾನ್ಯದ ಸುತ್ತಲ ನೆಲದಲ್ಲೂ ಇದೇ ಬಿಳಿ ಕಲ್ಲನ್ನು ಅಗೆದಿದ್ದಾರೆ. ಜಗತ್ತಿನಲ್ಲಿ ಅತಿ ಹೆಚ್ಚು ತೆಗೆಯುವುದು ಚೀನಾ, ಅದರಲ್ಲೂ ಈಶಾನ್ಯದ ಲಿಯಾವೊನಿಂಗ್ ಪ್ರಾಂತ. ಹಲಗೆಯ ಉದ್ಯಮ ಚೀನಾದಲ್ಲಿ ಬೇರೂರಿದ್ದಕ್ಕೆ ಆ ಗಣಿಗಳೂ ಒಂದು ಕಾರಣ.

ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಉಳಿದದ್ದೇ ಮೆಗ್ನೀಷಿಯಂ ಆಕ್ಸೈಡ್. ಸುಡುವುದರಲ್ಲೂ ಹದವಿದೆ. 1500 ಡಿಗ್ರಿ ಮೀರಿ ಸುಟ್ಟರೆ ಪುಡಿ ನೀರಿಗೂ ಮಿಸುಕದಷ್ಟು ಜಡವಾಗುತ್ತದೆ. ಉಕ್ಕಿನ ಕುಲುಮೆಯ ಒಳಗೋಡೆಯ ಇಟ್ಟಿಗೆಗೆ ಬೇಕಾದದ್ದು ಅಂಥದು. ಹಲಗೆಗೆ ಬೇಕಾದದ್ದು 1000 ಡಿಗ್ರಿಯ ಒಳಗೇ ಸುಟ್ಟ, ಇನ್ನೂ ಜೀವ ಹಿಡಿದಿರುವ ಪುಡಿ. ಇಂಥ ಪುಡಿ ಕಹಿನೀರಿನ ಜೊತೆ ಬೆರೆತರೆ ಕಲ್ಲಾಗುತ್ತದೆ ಎಂದು 1867ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಸ್ಟಾನಿಸ್ಲಾ ಸೊರೆಲ್. ಅವರ ಹೆಸರಿನ ಸಿಮೆಂಟು ನೆಲಹಾಸಾಯಿತು, ಸಾಣೆಚಕ್ರವಾಯಿತು, ಕೊನೆಗೆ ಹಲಗೆಯೂ ಆಯಿತು.

ಈಗ ಮಿಕ್ಸರಿನತ್ತ ಕಣ್ಣು ಹಾಯಿಸೋಣ. ಬಿಳಿ ಪುಡಿ, ಕಹಿನೀರು, ಮರದಪುಡಿ, ಹಿಡಿದರೆ ಕೈಯಲ್ಲಿ ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರವಾದ ಪರ್ಲೈಟ್ ಕಾಳು, ಇವೆಲ್ಲ ತಿರುಗಿ ತಿರುಗಿ ಇಡ್ಲಿ ಹಿಟ್ಟಿನ ಹದಕ್ಕೆ ಬಂದಾಗ ಸದ್ದೇ ಬದಲಾಗುತ್ತದೆ. ಗುರುಗುಟ್ಟುವುದು ನಿಂತು ದಪ್ಪಗೆ ಲೊಚಲೊಚ ಅನ್ನುತ್ತದೆ. ಗೇಟು ತೆರೆದರು. ಉದ್ದನೆಯ ಸಾಲಿನಲ್ಲಿ ಒಂದರ ಹಿಂದೊಂದು ಸರಿಯುವ ನುಣುಪಾದ ಪ್ಲಾಸ್ಟಿಕ್ ಟ್ರೇಗಳ ಮೇಲೆ ಹಿಟ್ಟು ಬೀಳುತ್ತದೆ. ಒಂದು ಸುರುಳಿಯಿಂದ ಗಾಜಿನ ನೂಲಿನ ಬಲೆ ಬಿಚ್ಚಿಕೊಂಡು ಅಡಿಗೆ ಸೇರುತ್ತದೆ, ಇನ್ನೊಂದು ಸುರುಳಿಯ ಬಲೆ ಮೇಲೆ ಹೊದೆಯುತ್ತದೆ, ರೋಲರು ಉರುಳಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ಒತ್ತುತ್ತದೆ. ಇಕ್ಕೆಲದಲ್ಲಿ ನಿಂತವರ ಕೈ ಬಿಡುವಿಲ್ಲದೆ ಆಡುತ್ತಿರುತ್ತದೆ: ಒಬ್ಬ ಅಂಚಿಗೆ ಚೆಲ್ಲಿದ್ದನ್ನು ಸವರುತ್ತಾನೆ, ಒಬ್ಬ ಬಲೆ ಕತ್ತರಿಸುತ್ತಾನೆ, ಇಬ್ಬರು ತುಂಬಿದ ಟ್ರೇಯನ್ನು ಎತ್ತಿ ಗಾಡಿಯ ಗೂಡಿಗೆ ತೂರಿಸುತ್ತಾರೆ. ಟ್ರೇಗೆ ಅಂಟಿದ ಮುಖ ನಯವಾಗುತ್ತದೆ, ಮೇಲಿನದು ಒರಟಾಗಿಯೇ ಉಳಿಯುತ್ತದೆ.

ಗಾಡಿ ತುಂಬಿದ ಮೇಲೆ ಅದನ್ನು ಮುಚ್ಚಿದ ಕೋಣೆಗೆ ತಳ್ಳುತ್ತಾರೆ. ಬಾಗಿಲ ಬಳಿ ಹೋದರೆ ಮುಖಕ್ಕೆ ಬೆಚ್ಚನೆಯ ತೇವ ಬಡಿಯುತ್ತದೆ. ಯಾರೂ ಒಲೆ ಹಚ್ಚಿಲ್ಲ. ಪುಡಿಯೂ ಕಹಿನೀರೂ ಹರಳಾಗಿ ಕೂಡಿಕೊಳ್ಳುವಾಗ ಹುಟ್ಟುವ ಕಾವದು. ಇಲ್ಲಿ ಅವಸರ ಮಾಡಿದರೆ ಹಲಗೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಗಟ್ಟಿಯಾದದ್ದನ್ನು ಟ್ರೇಯಿಂದ ಬಿಡಿಸಿ, ಒಳ್ಳೆಯ ಕಾರ್ಖಾನೆಯಾದರೆ, ನೀರಿನ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಹರಳಿನೊಳಗೆ ಸೇರದೆ ಉಳಿದ ಲವಣ ಆ ನೀರಿಗೆ ಇಳಿಯಬೇಕು. ಮತ್ತೆ ಒಣಗಿಸಿ, ಅಂಚು ಕೊಯ್ದು, ಮೈ ಉಜ್ಜಿ ಪೇರಿಸಿದಾಗ ಅದು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಾಲು. 12 ಮಿಲಿಮೀಟರ್ ದಪ್ಪದ ಒಂದು ಹಲಗೆ ಸುಮಾರು 35 ಕಿಲೋ ತೂಗುತ್ತದೆ; ಎತ್ತಲು ಇಬ್ಬರು ಬೇಕು. ಹಳೆಯ ಶೀಟುಗಳಲ್ಲಿದ್ದ ಕಲ್ನಾರು ಇದಕ್ಕೆ ಬೇಕಿಲ್ಲ.

ಕಟ್ಟಡದ ಕೆಲಸ ನಡೆಯುವಲ್ಲಿ ಇದನ್ನು ಬಳಸುವ ರೀತಿಯೂ ನೋಡುವಂಥದೇ. ಬಡಗಿ ಅಳತೆಪಟ್ಟಿ ಇಟ್ಟು ಚೂಪು ಬ್ಲೇಡಿನಿಂದ ನಯವಾದ ಮುಖದ ಮೇಲೆ ಗೀರುತ್ತಾನೆ, ಹಲಗೆಯನ್ನು ಮೇಜಿನಂಚಿಗೆ ತಂದು ಅಂಗೈಯಲ್ಲಿ ಒತ್ತುತ್ತಾನೆ, ಪಟ್ಟೆಂದು ಮುರಿಯುತ್ತದೆ. ಹಿಂಬದಿಯ ಬಲೆ ಮಾತ್ರ ಹಿಡಿದುಕೊಂಡಿರುತ್ತದೆ. ಅದನ್ನೂ ಕೊಯ್ದರೆ ಎರಡು ತುಂಡು. ತಗಡಿನ ಚಾನೆಲಿನ ಚೌಕಟ್ಟಿಗೆ ಅದನ್ನು ಆನಿಸಿ, “ಹಿಡ್ಕೊಳ್ಳಪ್ಪಾ, ಇನ್ನೊಂಚೂರು ಮೇಲೆ” ಎನ್ನುತ್ತ ಸ್ಕ್ರೂ ಬಿಗಿಯುತ್ತಾನೆ. ಚೌಕಟ್ಟಿನ ನಡುವೆ ಕಲ್ಲುಣ್ಣೆ ತುಂಬುತ್ತಾರೆ, ಸಂದುಗಳಿಗೆ ಪಟ್ಟಿ ಅಂಟಿಸಿ ಪುಟ್ಟಿ ಮೆತ್ತುತ್ತಾರೆ. ಸಂಜೆಯ ಹೊತ್ತಿಗೆ ಗೋಡೆ ಎದ್ದಿರುತ್ತದೆ.

ಈ ಗೋಡೆಯ ನಿಜವಾದ ಪರೀಕ್ಷೆ ನಡೆಯುವುದು ಕುಲುಮೆಯ ಮುಂದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಂಥ ಕಡೆ ಅಗ್ನಿ ಪರೀಕ್ಷೆಯ ಪ್ರಯೋಗಾಲಯಗಳಿವೆ. ಇಂಥ ಪರೀಕ್ಷೆಯಲ್ಲಿ ಪೂರ್ತಿ ಗೋಡೆಯನ್ನೇ ಕಟ್ಟಿ ಕುಲುಮೆಯ ಬಾಯಿಗೆ ನಿಲ್ಲಿಸುತ್ತಾರೆ. ಬರ್ನರುಗಳು ಭೋರ್ಗರೆಯುತ್ತವೆ. ಅಂತರರಾಷ್ಟ್ರೀಯ ಪರೀಕ್ಷಾಕ್ರಮದ ಪ್ರಕಾರ ಅರ್ಧ ಗಂಟೆಗೆ ಒಳಗಿನ ಕಾವು 842 ಡಿಗ್ರಿ, ಒಂದು ಗಂಟೆಗೆ 945, ಎರಡು ಗಂಟೆಗೆ 1049. ಈಚೆ ಬದಿಯಲ್ಲಿ ನಿಂತವರು ಕಾವು ಅಳೆಯುವ ತಂತಿಗಳು ಹೇಳುವ ಅಂಕಿಗಳ ಮೇಲೆ ಕಣ್ಣು ನೆಟ್ಟಿರುತ್ತಾರೆ. ಎಲ್ಲಾದರೂ ಬಿರುಕು ಕಂಡರೆ ಅದರ ಮುಂದೆ ಹತ್ತಿಯ ದಿಂಡು ಹಿಡಿಯುತ್ತಾರೆ. ಹತ್ತಿ ಹೊತ್ತಿಕೊಂಡರೆ ಗೋಡೆ ಸೋತಂತೆ. ಈಚೆ ಮೈಯ ಕಾವು ಸರಾಸರಿ 140 ಡಿಗ್ರಿಗಿಂತ ಹೆಚ್ಚು ಏರಿದರೂ ಸೋತಂತೆಯೇ.

ಅತ್ತ ಹಲಗೆಯೊಳಗೆ ನಡೆಯುತ್ತಿರುವುದು ವಿಸ್ಮಯದ ಸಂಗತಿ. ಅದನ್ನು ಕಟ್ಟಿದ ಹರಳಿನ ರಚನೆಯನ್ನು ಲೆಕ್ಕ ಹಾಕಿದರೆ, ನೂರು ಗ್ರಾಂ ಶುದ್ಧ ಹರಳಿನಲ್ಲಿ ಸುಮಾರು 44 ಗ್ರಾಂನಷ್ಟು ನೀರಿನ ಅಂಶವೇ ಅಡಗಿದೆ. ಮುಟ್ಟಿದರೆ ಒಣ ಕಲ್ಲು, ಒಳಗೆ ಕಟ್ಟಿಹಾಕಿದ ನೀರು. ಕಾವು ಏರುತ್ತಿದ್ದಂತೆ ಆ ನೀರು ಹಂತ ಹಂತವಾಗಿ ಕಳಚಿಕೊಂಡು ಆವಿಯಾಗುತ್ತದೆ. ಕೊನೆಯ ಪಾಲು ಹೊರಡುವುದು 300 ಡಿಗ್ರಿ ದಾಟಿದ ಮೇಲೆ. ನೀರನ್ನು ಕಳಚುವ ಕೆಲಸಕ್ಕೆ ಬೆಂಕಿಯ ಶಾಖ ಖರ್ಚಾಗುತ್ತಿರುವಷ್ಟು ಹೊತ್ತು ಗೋಡೆಯ ಈಚೆ ಬದಿ ತಂಪಾಗಿರುತ್ತದೆ. ನೀರೆಲ್ಲ ಮುಗಿದ ಮೇಲೆ ಉಳಿಯುವ ಮೆಗ್ನೀಷಿಯಂ ಆಕ್ಸೈಡ್ ಸುಮಾರು 2800 ಡಿಗ್ರಿಯವರೆಗೆ ಕರಗದ ವಸ್ತು. ಹಲಗೆ ಉರಿಯಲಾರದು, ಬೆಂಕಿಗೆ ಮೇವಾಗಲಾರದು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಕ್ಲೋರೈಡ್ ಬೆರೆತ ಹಲಗೆ ಅತಿ ಕಾವಿನಲ್ಲಿ ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಕ್ಲೋರೈಡಿನ ಬದಲು ಮೆಗ್ನೀಷಿಯಂ ಸಲ್ಫೇಟ್ ಬಳಸುವ ಹಲಗೆಗಳು ಈಗ ಬಂದಿರುವುದಕ್ಕೆ ಇದೂ ಒಂದು ಕಾರಣ.

ಗೋಡೆ ಗಳಿಸಿಕೊಡುವ ಆ ನಿಮಿಷಗಳ ಬೆಲೆ ಬೆಂಗಳೂರಿಗೆ ಗೊತ್ತಿದೆ. 2010ರ ಫೆಬ್ರವರಿ 23ರಂದು ಅಲ್ಲಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಡಕ್ಟಿನಲ್ಲಿ ಬೆಂಕಿ ಹುಟ್ಟಿತು. ಹೊಗೆ ಮಹಡಿಗಳನ್ನು ತುಂಬಿತು. ಉಸಿರಾಡಲಾಗದೆ ಕಿಟಕಿ ಒಡೆದು ಜನ ಕೆಳಗೆ ಹಾರಿದರು. 9 ಜೀವಗಳು ಹೋದವು. ಡಕ್ಟನ್ನು ಪ್ರತಿ ಮಹಡಿಯಲ್ಲೂ ಬೆಂಕಿ ನಿಲ್ಲಿಸುವ ವಸ್ತುವಿನಿಂದ ಮುಚ್ಚುವುದು, ಮೆಟ್ಟಿಲ ದಾರಿಯನ್ನು ಹೊಗೆ ನುಗ್ಗದ ಗೋಡೆ ಬಾಗಿಲುಗಳಿಂದ ಕಾಯುವುದು ಅಲಂಕಾರದ ಖರ್ಚಲ್ಲ. ಅಂಥ ಕಡೆ ಸರಿಯಾಗಿ ಕೂರಿಸಿದ ಹಲಗೆ ಒಬ್ಬರಿಗೆ ಮೆಟ್ಟಿಲಿಳಿಯುವಷ್ಟು ಸಮಯ ಕೊಟ್ಟರೆ ಅದರ ಜನ್ಮ ಸಾರ್ಥಕ.

ಬೆಂಕಿಯ ಮುಂದೆ ನಿಲ್ಲುವ ಈ ಹಲಗೆಯ ದೌರ್ಬಲ್ಯ ಇರುವುದು ತೇವದಲ್ಲಿ. ಡೆನ್ಮಾರ್ಕಿನಲ್ಲಿ 2010ರಿಂದೀಚೆಗೆ ಮನೆಗಳ ಹೊರಗೋಡೆಯ ಹೊದಿಕೆಯ ಹಿಂದೆ, ಗಾಳಿ ತಡೆಯಲೆಂದು ಇದನ್ನು ಧಾರಾಳವಾಗಿ ಬಳಸಿದರು. ಶರತ್ಕಾಲ ಬಂತು, ಗಾಳಿ ತೇವಗೊಂಡಿತು, ಹಲಗೆಗಳ ಮೈಮೇಲೆ ಹನಿಗಳು ಮೂಡಿದವು. ಆ ಹನಿ ಉಪ್ಪುನೀರು. ಹರಳಿಗೆ ಸೇರದೆ ಉಳಿದಿದ್ದ ಕ್ಲೋರೈಡ್ ಗಾಳಿಯ ತೇವವನ್ನು ಹೀರಿ ಕರಗಿ ಹೊರಬಂದಿತ್ತು. ಅದು ಹರಿದಲ್ಲೆಲ್ಲ ಸ್ಕ್ರೂಗಳು ತುಕ್ಕು ತಿಂದವು, ಮರದ ಚೌಕಟ್ಟು ಒದ್ದೆಯಾಯಿತು. ಅಳುವ ಹಲಗೆಗಳೆಂದೇ ಅಲ್ಲಿನ ಜನ ಅವನ್ನು ಕರೆದರು. 2015ರಲ್ಲಿ ಎಚ್ಚರಿಕೆ ಹೊರಟಿತು. ಸಾವಿರಾರು ಮನೆಗಳ ಹೊರಗೋಡೆ ಬಿಚ್ಚುವ ಪ್ರಸಂಗ ಬಂತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 84 ದಾಟಿದರೆ ಆ ಹಲಗೆಗಳು ಹನಿಗೂಡುತ್ತವೆ ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡರು. ಬೋಮೆ ಗೆರೆ ಓದುತ್ತಿದ್ದವನ ಕಣ್ಣಿಗೆ, ನೆನೆಹಾಕುವ ತೊಟ್ಟಿಗೆ ಎಷ್ಟು ಬೆಲೆಯಿದೆ ಎಂಬುದು ಇಲ್ಲಿ ತಿಳಿಯುತ್ತದೆ.

ಶೇ 84 ಎಂಬ ಅಂಕಿ ನಮಗೆ ದೂರದ್ದಲ್ಲ. ಜೂನ್ ಕಾಲಿಟ್ಟರೆ ಮಂಗಳೂರು, ಉಡುಪಿ, ಕಾರವಾರಗಳಲ್ಲಿ, ಆಗುಂಬೆ, ತೀರ್ಥಹಳ್ಳಿಗಳಲ್ಲಿ ಗಾಳಿ ಅದಕ್ಕಿಂತ ಒದ್ದೆಯಾಗಿ ವಾರಗಟ್ಟಲೆ ಹಾಗೇ ನಿಲ್ಲುತ್ತದೆ. ಹಾಗಾಗಿ ಈ ಹಲಗೆಯನ್ನು ಕೊಳ್ಳುವವರಲ್ಲಿ ಕೆಲವು ವಿನಂತಿ. ಅಂಗಡಿಯವರು ಗ್ಯಾಸ್ ಜ್ವಾಲೆ ಹಿಡಿದು, ನೋಡಿ ಸುಡುವುದಿಲ್ಲ ಎಂದು ತೋರಿಸಿದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಗಂಟೆಯ ಲೆಕ್ಕದ ಅಗ್ನಿನಿರೋಧ ಬರಿಯ ಹಲಗೆಯದಲ್ಲ. ಚೌಕಟ್ಟು, ಸ್ಕ್ರೂ, ಕಲ್ಲುಣ್ಣೆ, ಸಂದಿನ ಪಟ್ಟಿ ಎಲ್ಲ ಸೇರಿದ ಗೋಡೆಯದು. ಆ ಗೋಡೆಯ ಪರೀಕ್ಷಾ ವರದಿ ಕೇಳಿ, ವರದಿಯಲ್ಲಿ ಇದ್ದಂತೆಯೇ ಕಟ್ಟಿಸಿ. ಕ್ಲೋರೈಡ್ ಹಲಗೆಯೋ ಸಲ್ಫೇಟ್ ಹಲಗೆಯೋ ವಿಚಾರಿಸಿ. ಕ್ಲೋರೈಡಿನದಾದರೆ ಒಣಗಿರುವ ಒಳಕೋಣೆಗೆ ಮಾತ್ರ ಇರಲಿ, ಹೊರಗೋಡೆಗೆ, ಕರಾವಳಿ ಮಲೆನಾಡಿನ ಮನೆಗಳಿಗೆ ಬೇಡ. ಸ್ಕ್ರೂಗಳು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಸರಿಯಾಗಿ ಬೆರೆಸಿ, ತಾಳ್ಮೆಯಿಂದ ಮಾಗಿಸಿ, ಒಣ ಜಾಗದಲ್ಲಿ ನಿಲ್ಲಿಸಿದರೆ ಬೆಂಕಿಯ ಎದುರು ನಂಬಬಹುದಾದ ಹಲಗೆ ಇದು.